ತೂತು ಬಿದ್ದ ಟ್ಯಾಂಕಿಗೆ ವೆಲ್ಡಿಂಗ್ ಬ್ಯಾಡ, ಒಳಗ ತೊಳೆದು ಕೋಟಿಂಗ್ ಮಾಡ್ರಿ

ಇವತ್ತಿನ ಟಿಪ್ಪಣಿ ಬೆಳಿ ಬಗ್ಗೆ ಅಲ್ಲ, ನಮ್ಮ ಹಳೇ ಟ್ರ್ಯಾಕ್ಟರ್, ಹಳೇ ಗಾಡಿಗಳ ಎಣ್ಣಿ ಟ್ಯಾಂಕಿನ ಬಗ್ಗೆ. ಸ್ವಲ್ಪ ಉದ್ದ ಐತಿ, ಪೂರ್ತಿ ಓದ್ರಿ.

ಟ್ಯಾಂಕ್ ಸೋರಿದ್ರ ನಾವು ಮೊದಲು ಸೋಪು ತಿಕ್ಕತೀವಿ, ಇಲ್ಲಾ ಎಂ-ಸೀಲ್ ಮೆತ್ತತೀವಿ. ಹೊಲದಿಂದ ಮನಿ ಮುಟ್ಟಾಕ ಅದು ಸಾಕು, ಅದಕ್ಕ ನನ್ನ ತಕರಾರಿಲ್ಲ. ಆಮ್ಯಾಲೆ ಟ್ಯಾಂಕ್ ಬಿಚ್ಚಿ ವೆಲ್ಡಿಂಗ್ ಅಂಗಡಿಗೆ ಒಯ್ಯತೀವಲ್ಲ, ಅದಕ್ಕ ಮಾತ್ರ ನನ್ನ ಪೂರ್ತಿ ವಿರೋಧ ಐತಿ.

ಮೊದಲನೇ ಕಾರಣ ಜೀವ. "ಎಣ್ಣಿ ಎಲ್ಲಾ ಖಾಲಿ ಮಾಡೀವಿ, ಏನಾಗ್ತೈತಿ" ಅಂತಾರ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಸಿಡಿಯೋದು ಹೆಚ್ಚು. ಯಾಕಂದ್ರ ಉರಿಯೋದು ಎಣ್ಣಿಯ ಆವಿ, ಖಾಲಿ ಟ್ಯಾಂಕಿನೊಳಗ ಆವಿ ಮತ್ತು ಗಾಳಿ ಕೂಡಿ ನಿಂತಿರ್ತಾವು. ಡೀಸೆಲ್ ಅಂತ ಧೈರ್ಯ ಮಾಡಬ್ಯಾಡ್ರಿ. ತಗಡಿಗೆ, ಜೋಡಣಿ ಸಂದಿಗೆ ಅಂಟಿದ ಡೀಸೆಲ್ಲು ವೆಲ್ಡಿಂಗ್ ಕಾವಿಗೆ ಆವಿ ಆಗ್ತೈತಿ. ಒಂದು ಸಲ ನೀರು ಹಾಕಿ ತೊಳೆದ್ರ ಅದು ಹೋಗಂಗಿಲ್ಲ. ಟ್ಯಾಂಕಿನ ಮುಂದ ಕುಂತಿರೋನು ಯಾರದೋ ಮನಿ ಮಗ. ಕೆಲವು ನೂರು ರೂಪಾಯಿ ಕೂಲಿಗೆ ಅವನ ಕಣ್ಣು, ಕೈ ಪಣಕ್ಕಿಡೋ ಹಕ್ಕು ನಮಗಿಲ್ಲ.

ಎರಡನೇ ಕಾರಣ, ತೂತು ಬೀಳೋದು ಒಳಗಿಂದ. ಟ್ಯಾಂಕ್ ಅರ್ಧ ಖಾಲಿ ಇಟ್ಟು ತಿಂಗಳುಗಟ್ಟಲೆ ನಿಲ್ಲಿಸಿದ್ರ ಒಳಗಿನ ಗಾಳಿಯ ತೇವ ರಾತ್ರಿ ತಂಪಿಗೆ ಹನಿಗಟ್ಟತೈತಿ. ನೀರು ಡೀಸೆಲ್‌ಗಿಂತ ಭಾರ, ತಳಕ್ಕ ಇಳೀತೈತಿ. ಅಲ್ಲೇ ತುಕ್ಕು, ಅಲ್ಲೇ ಕರೀ ಲೋಳಿ. ಒಂದು ತೂತು ಕಂಡ್ರ ಅದರ ಸುತ್ತ ತಗಡು ಎಲ್ಲಾ ಸವೆದಿರ್ತೈತಿ. ವೆಲ್ಡಿಂಗ್ ಮಾಡಿದ ಬಾಜೂಕ ಮತ್ತೊಂದು ತೂತು ಬೀಳ್ತೈತಿ. 2024ರ ಆಗಸ್ಟ್‌ನಾಗ ನಮ್ಮ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ಕಡಿದಿದ್ದು ಎಲ್ಲಾರಿಗೂ ನೆನಪೈತಿ. ಕಬ್ಬಿಣ ಸವೆಯೋದು ಕಣ್ಣಿಗೆ ಕಾಣಂಗಿಲ್ಲ, ಕಡಿದಾಗಷ್ಟೇ ಗೊತ್ತಾಗ್ತೈತಿ.

ಹಂಗಾರ ಏನು ಮಾಡಬೇಕು? ಟ್ಯಾಂಕ್ ಇಳಿಸಿ ಕಾಕ್, ಜಾಳಿಗಿ, ಮೀಟರಿನ ಫ್ಲೋಟ್ ಎಲ್ಲಾ ಬಿಚ್ರಿ. ಬಯಲಾಗ, ಬೀಡಿ ಬೆಂಕಿಯಿಂದ ದೂರ ಇರ್ರಿ. ಮೊದಲು ಸೋಪಿನ ಪುಡಿ, ಬಿಸಿನೀರು ಹಾಕಿ ಜಿಡ್ಡು ತೆಗೀರಿ. ಆಮ್ಯಾಲೆ ನಟ್ಟುಗಳನ್ನ ಒಳಗ ಹಾಕಿ ಕುಲುಕ್ರಿ. ಎಷ್ಟು ಹಾಕಿದ್ರಿ ಎಣಿಸಿ, ಅಷ್ಟೂ ಹೊರಗ ಬಂದಾವೇನು ನೋಡ್ರಿ. ಉಳಿದ ತುಕ್ಕಿಗೆ ನಿಂಬೆ ಉಪ್ಪಿನ ನೀರು ಒಂದು ದಿನ ನಿಲ್ಲಿಸ್ರಿ. ಅದರಿಂದ ಗ್ಯಾಸ್ ಏಳ್ತೈತಿ, ಮುಚ್ಚಳ ಬಿಗಿ ಮಾಡಬ್ಯಾಡ್ರಿ. ಸಂಡಾಸ ತೊಳೆಯೋ ಆ್ಯಸಿಡ್ ಹಾಕಿದ್ರ ಒಳ್ಳೇ ತಗಡನ್ನೂ ತಿಂತೈತಿ. ಕಡೀಕ ಅಡಿಗಿ ಸೋಡಾದ ನೀರಿನಿಂದ ತೊಳೆದು ತಕ್ಷಣ ಒಣಗಿಸ್ರಿ, ತಡ ಆದ್ರ ಮತ್ತ ಕೆಂಪಾಗ್ತೈತಿ.

ಪೂರ್ತಿ ಒಣಗಿದ ಮ್ಯಾಲೆ ಟ್ಯಾಂಕಿಗಂತನೇ ಸಿಗೋ ಎರಡು ಡಬ್ಬಿಯ ಎಪಾಕ್ಸಿ ಕೋಟಿಂಗ್ ಕಲಸಿ ಹಾಕಿ, ಟ್ಯಾಂಕನ್ನ ಎಲ್ಲಾ ಮಗ್ಗಲಿಗೂ ಹೊರಳಿಸ್ರಿ. ಹೆಚ್ಚಾಗಿದ್ದು ಬಸಿದು ತೆಗೆದು, ಡಬ್ಬಿ ಮ್ಯಾಲೆ ಬರೆದಷ್ಟು ದಿನ ಬಿಡ್ರಿ. ಹಸಿ ತಗಡಿಗೆ, ಸಡಿಲ ತುಕ್ಕಿನ ಮ್ಯಾಲೆ ಬಳಿದ್ರ ಅದು ಹಪ್ಪಳದಂಗ ಎದ್ದು ಫಿಲ್ಟರ್ ಕಟ್ಟತೈತಿ. ಡೀಸೆಲ್ ಟ್ಯಾಂಕಿನೊಳಗ ಸತುವಿನ ಬಣ್ಣ ಬ್ಯಾಡವೇ ಬ್ಯಾಡ. ಸತು ಡೀಸೆಲ್ ಜೊತಿ ಕೂಡಿ ಅಂಟಾಗಿ ಇಂಜೆಕ್ಟರ್ ಕೆಡಿಸ್ತೈತಿ.

ಯೆಜ್ಡಿ ಇಟ್ಕೊಂಡವರಿಗೆ ಒಂದು ಮಾತು. ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟರಿ 1996ರಲ್ಲೇ ಮುಚ್ಚಿತು. ಆ ಟ್ಯಾಂಕುಗಳು ಮತ್ತ ತಯಾರಾಗಂಗಿಲ್ಲ. 2023ರಿಂದ ಬಂಕಿಗೆ ಬಂದಿರೋ ಇ20 ಪೆಟ್ರೋಲಿನಾಗ 20 ಪಾಲು ಎಥನಾಲ್ ಐತಿ. ಅದು ನೀರು ಎಳಕೊಳ್ತೈತಿ, ನೀರು ಹೆಚ್ಚಾದ್ರ ಎರಡೂ ಕೂಡಿ ತಳಕ್ಕ ಕೂಡ್ತಾವು. ಎಥನಾಲ್ ತಡೀತೈತಿ ಅಂತ ಬರೆದಿರೋ ಕೋಟಿಂಗನ್ನೇ ತಗೊಳ್ರಿ, ಇಲ್ಲಾಂದ್ರ ಕೋಟಿಂಗೇ ಕರಗಿ ಅಂಟಾಗ್ತೈತಿ.

"ಇಷ್ಟೆಲ್ಲಾ ಯಾರು ಮಾಡ್ತಾರ, ಹೊಸಾ ಟ್ಯಾಂಕ್ ತಂದ್ರಾತು" ಅನ್ನೋರು ಅದಾರ. ತಳ ಪೂರ್ತಿ ಜಾಳಾಗಿದ್ರ, ಜೋಡಣಿ ಬಿಟ್ಟಿದ್ರ ಹೊಸಾದೇ ತರ್ರಿ, ಕೋಟಿಂಗ್ ಅದನ್ನ ಉಳಿಸಂಗಿಲ್ಲ. ಆದ್ರ ಹೊಸಾ ಟ್ಯಾಂಕಿನಾಗೂ ನೀರು ಕುಂತ್ರ ಅದೇ ಗತಿ. ಗಾಡಿ ನಿಲ್ಲಿಸೋ ಮುಂದ ಟ್ಯಾಂಕ್ ತುಂಬಿಸಿಡ್ರಿ, ತಳದ ನೀರು ಆಗಾಗ ಬಿಡ್ರಿ.

ಈ ಕೆಲಸಕ್ಕ ನಾಕೈದು ದಿನ ಬೇಕು. ನಾಟಿ ಹೊತ್ತಿನಾಗ ಅಷ್ಟು ದಿನ ಯಾರಿಗೂ ಸಿಗಂಗಿಲ್ಲ, ಆವಾಗಲೇ ಎಲ್ಲಾರೂ ವೆಲ್ಡಿಂಗ್ ಅಂಗಡಿಗೆ ಓಡೋದು. ಅದಕ್ಕ ಕಾಲುವಿಗೆ ನೀರು ಬಿಡೋಕಿಂತ ಮೊದಲೇ ಮುಗಿಸ್ರಿ. ಕಲಸಿದ ಕೋಟಿಂಗ್ ಗಟ್ಟಿ ಆಗ್ತೈತಿ, ಎತ್ತಿಡಾಕ ಬರಂಗಿಲ್ಲ. ನಾಕು ಮಂದಿ ಕೂಡಿ ತಂದು ಒಂದೇ ದಿನ ನಾಕು ಟ್ಯಾಂಕಿಗೆ ಹಾಕ್ರಿ, ಖರ್ಚೂ ಹಂಚಿ ಹೋಗ್ತೈತಿ. ಯಾರ್‍ಯಾರು ಕೂಡ್ತೀರಿ, ಕೆಳಗ ಹೇಳ್ರಿ.