ಬಿಎಲ್‌ಒ ಬಂದಾಗ ಒಂದು ಮಾತು ಹೇಳಿ

ಬೆಂಗಳೂರಿನಲ್ಲಿ ಮನೆ ಬಾಡಿಗೆಗೆ ಕೊಟ್ಟಿರುವ ಮಾಲೀಕರೇ, ನಿಮ್ಮಲ್ಲೊಂದು ಕೋರಿಕೆ. ಮತಗಟ್ಟೆ ಮಟ್ಟದ ಅಧಿಕಾರಿ (ಬಿಎಲ್‌ಒ) ಗೇಟಿನ ಹತ್ತಿರ ನಿಂತು "ಮೇಲಿನ ಮನೆಯವರು ಇಲ್ಲೇ ಇದ್ದಾರಾ?" ಎಂದು ಕೇಳಿದರೆ, ಇರುವುದು ನಿಜವಾದರೆ, ಹೌದು ಎನ್ನಿ. "ನಮಗೆ ಗೊತ್ತಿಲ್ಲಮ್ಮ" ಎಂದು ಬಾಗಿಲು ಹಾಕಿಕೊಳ್ಳಬೇಡಿ.

ನಿಮ್ಮ ಅಂಜಿಕೆ ಅರ್ಥವಾಗುತ್ತದೆ. ಬಾಡಿಗೆದಾರರ ವೋಟರ್ ಐಡಿಯಲ್ಲಿ ನಮ್ಮ ವಿಳಾಸ ಬಂದರೆ ನಾಳೆ ಮನೆಯೇ ತಮ್ಮದೆಂದು ಕೂತುಬಿಟ್ಟರೆ? ಆದರೆ ಮತದಾರರ ಪಟ್ಟಿ ಆಸ್ತಿಪತ್ರವಲ್ಲ. 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆ ಕೇಳುವುದು ವಾಸ ಎಲ್ಲಿ ಎಂದು, ಒಡೆತನ ಯಾರದೆಂದಲ್ಲ. ಒಂದು ಕಡೆ ಸ್ವಂತ ಮನೆ ಇದೆ ಎಂದಮಾತ್ರಕ್ಕೆ ಯಾರೂ ಅಲ್ಲಿನ ವಾಸಿಯಾಗುವುದಿಲ್ಲ ಎಂದು ಅದರ 20ನೇ ಸೆಕ್ಷನ್ ಹೇಳುತ್ತದೆ. ನಾಲ್ಕು ಬಡಾವಣೆಯಲ್ಲಿ ನಾಲ್ಕು ಮನೆ ಕಟ್ಟಿಸಿದರೂ ನಿಮಗಿರುವುದು ಒಂದೇ ವೋಟು. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಂದಾಗ ಬಾಡಿಗೆದಾರರ ಆಧಾರ್ ನಿಮ್ಮ ಮೀಟರಿನ ಆರ್‌ಆರ್ ನಂಬರಿಗೆ ಜೋಡಣೆಯಾಯಿತಲ್ಲ, ಯಾರ ಮನೆ ಯಾರ ಪಾಲಾಯಿತು?

ನಿಮ್ಮ ಮಾತಿಗೆ ಇಷ್ಟು ತೂಕ ಬಂದಿರುವುದಕ್ಕೆ ಕಾರಣವಿದೆ. ಹೊಸದಾಗಿ ಹೆಸರು ಸೇರಿಸುವ ಅರ್ಜಿಯಾದ ನಮೂನೆ 6 ವಿಳಾಸಕ್ಕೆ ಕೇಳುವ ಪುರಾವೆಗಳಲ್ಲಿ ಬಾಡಿಗೆ ಕರಾರೂ ಇದೆ, ಆದರೆ ನೋಂದಣಿಯಾದದ್ದು. ನಮ್ಮಲ್ಲಿ ಬರೆಸುವುದು ಹನ್ನೊಂದು ತಿಂಗಳ ಕರಾರು. ಸ್ಟಾಂಪ್ ಪೇಪರಿಗೆ ಸಹಿ ಬಿದ್ದರೆ ಅಲ್ಲಿಗೆ ಮುಗಿಯಿತು, ಸಬ್ ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲು ಯಾರೂ ಹತ್ತುವುದಿಲ್ಲ. ಕರೆಂಟ್ ಬಿಲ್ ನಿಮ್ಮ ಹೆಸರಲ್ಲಿ. ಬಾಡಿಗೆದಾರರ ಆಧಾರ್, ಪಾಸ್‌ಬುಕ್ಕು ಇನ್ನೂ ರಾಯಚೂರಿನದೋ ಹಾಸನದ್ದೋ ವಿಳಾಸ ಹೊತ್ತಿರುತ್ತವೆ. ಹೀಗೆ ಯಾವ ಕಾಗದವೂ ಹೊಂದದಿದ್ದರೆ ಸ್ಥಳಪರಿಶೀಲನೆ ಆಗಲೇಬೇಕು, ಆಗ ಬಿಎಲ್‌ಒ ಕೇಳುವುದು ನಿಮ್ಮನ್ನೇ. ಫುಟ್‌ಪಾತಿನಲ್ಲಿ ಮಲಗುವವರ ಹೆಸರು ಸೇರಿಸಲು ಬಿಎಲ್‌ಒ ರಾತ್ರಿ ಹೊತ್ತು ಹೋಗಿ, ಅವರು ಅಲ್ಲೇ ಮಲಗುತ್ತಾರೆಯೇ ಎಂದು ನೋಡಬೇಕೆಂಬ ನಿಯಮವಿದೆ. ಅವರಿಂದ ಕಾಗದ ಕೇಳುವಂತಿಲ್ಲ. ಸೂರಿಲ್ಲದವರಿಗೆ ಸಿಗುವ ಹಕ್ಕು ತಿಂಗಳು ತಿಂಗಳು ಬಾಡಿಗೆ ಎಣಿಸುವವರ ಕೈತಪ್ಪುವುದು ನಿಮ್ಮ ಗೇಟಿನ ಬಳಿ.

2023ರ ವಿಧಾನಸಭಾ ಚುನಾವಣೆಯಲ್ಲಿ ರಾಜ್ಯದ ಮತದಾನ ಶೇ 73 ದಾಟಿದರೂ ಬೆಂಗಳೂರು ಶೇ 55ರ ಆಸುಪಾಸಿನಲ್ಲೇ ನಿಂತಿತು. ಅದಕ್ಕೆ ಬರೀ ಸೋಮಾರಿತನ ಕಾರಣವೆಂದು ನಾನು ಒಪ್ಪುವುದಿಲ್ಲ. ಮನೆ ಬಿಟ್ಟು ಹೋದವರ ಹೆಸರು ಹಳೇ ಬೀದಿಯ ಪಟ್ಟಿಯಲ್ಲೇ ಉಳಿದಿರುತ್ತದೆ. ಹೊಸ ಬೀದಿಯಲ್ಲಿ ಅವರು ಲೆಕ್ಕಕ್ಕೇ ಇಲ್ಲ.

ಬಾಡಿಗೆಗಿರುವವರೇ, ನೀವೂ ಕೇಳಿ. ಮನೆ ಬದಲಾಯಿಸಿದರೆ ತುಂಬಬೇಕಾದದ್ದು ನಮೂನೆ 8. ಊರಲ್ಲೊಂದು, ಇಲ್ಲೊಂದು ಹೆಸರು ಇಟ್ಟುಕೊಳ್ಳುವಂತಿಲ್ಲ. ಸುಳ್ಳು ಘೋಷಣೆಗೆ ಒಂದು ವರ್ಷದವರೆಗೆ ಜೈಲಿದೆ. ಕಾರ್ಡು ಜೇಬಿನಲ್ಲಿದ್ದರೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮತಗಟ್ಟೆಯಿಂದ ವಾಪಸು ಬರಬೇಕಾಗುತ್ತದೆ. ಹೆಸರಿದ್ದು ಕಾರ್ಡು ಕಳೆದಿದ್ದರೆ ಆಧಾರ್, ಪ್ಯಾನ್, ಡ್ರೈವಿಂಗ್ ಲೈಸೆನ್ಸ್, ಫೋಟೊ ಇರುವ ಬ್ಯಾಂಕ್ ಪಾಸ್‌ಬುಕ್ ಆದೀತು. ಮನೆಗೆ ತಂದುಕೊಡುವ ಮತದಾರರ ಚೀಟಿಯೊಂದೇ 2019ರಿಂದ ಸಾಲುವುದಿಲ್ಲ.

ನಾಮಪತ್ರ ಸಲ್ಲಿಸುವ ಕಡೆಯ ದಿನ ದಾಟಿದ ಮೇಲೆ ಆ ಚುನಾವಣೆಗೆ ಹೊಸ ಹೆಸರು ಸೇರುವುದಿಲ್ಲ. ಅರ್ಜಿಯ ವಿಚಾರಣೆಗೂ ದಿನ ಹಿಡಿಯುತ್ತದೆ. ಆದ್ದರಿಂದ ಚುನಾವಣೆ ಘೋಷಣೆಯಾಗಲೆಂದು ಕಾಯಬೇಡಿ. ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡಿ ಹೆಸರು ಎಲ್ಲಿದೆಯೆಂದು ಈ ವಾರವೇ ಕೇಳಿಕೊಳ್ಳಿ. ಮಾಲೀಕರು ಆ ನಂಬರನ್ನು ಬಾಡಿಗೆಯ ರಸೀದಿಯ ಹಿಂದೆ ಬರೆದುಕೊಟ್ಟರೂ ಆಯಿತು.