ಬಾಗಿಲುಂಟು, ಕಾವಲುಗಾರನಿಲ್ಲ

ನಿಯಮವನ್ನು ಬರೆದಿಟ್ಟರೆ ಅದು ತಾನಾಗಿಯೇ ನಡೆಯುತ್ತದೆ ಎಂಬುದು ಶಾಸನ ರಚಿಸುವವರ ಹಳೆಯ ಭ್ರಮೆ. ಅಮೆರಿಕ ಸಂಯುಕ್ತ ಸಂಸ್ಥಾನದ ರಾಜ್ಯಾಂಗವನ್ನು ರಚಿಸಿದ ಹಿರಿಯರೂ ಇದಕ್ಕೆ ಹೊರತಾಗಲಿಲ್ಲ. ಅಧ್ಯಕ್ಷನಾಗುವವನು ಹುಟ್ಟಿನಿಂದಲೇ ಆ ದೇಶದ ಪ್ರಜೆಯಾಗಿರಬೇಕು, ೩೫ ವರ್ಷ ತುಂಬಿರಬೇಕು, ೧೪ ವರ್ಷ ಅಲ್ಲಿ ವಾಸಿಸಿರಬೇಕು ಎಂದು ೧೭೮೭ರಲ್ಲಿ ಬರೆದರು. ಇವನ್ನು ಪರೀಕ್ಷಿಸುವವರು ಯಾರೆಂಬುದನ್ನು ಮಾತ್ರ ಬರೆಯಲಿಲ್ಲ. ಚುನಾಯಿತನು ಅರ್ಹನಲ್ಲದಿದ್ದರೆ ಉಪಾಧ್ಯಕ್ಷನಾಗಿ ಆರಿಸಿಬಂದವನು ಅಧಿಕಾರ ನಡೆಸಲಿ ಎಂದು ೧೯೩೩ರ ೨೦ನೆಯ ತಿದ್ದುಪಡಿ ಹೇಳಿತು. ಅನರ್ಹನೆಂದು ತೀರ್ಮಾನಿಸುವವರು ಯಾರೆಂದು ಅದೂ ಹೇಳಲಿಲ್ಲ.

ಫಲವೇನಾಯಿತು? ನಿಕರಾಗುವಾದಲ್ಲಿ ಹುಟ್ಟಿ, ಅಮೆರಿಕದ ಪೌರತ್ವವನ್ನೇ ಪಡೆಯದಿದ್ದವನೊಬ್ಬನ ಹೆಸರನ್ನು ೨೦೦೮ರಲ್ಲಿ ಕೆಲವು ಸಂಸ್ಥಾನಗಳು ಮತಪತ್ರದಲ್ಲಿ ಅಚ್ಚು ಹಾಕಿದವು. ೨೦೧೨ರಲ್ಲಿ ೨೭ ವರ್ಷದ ಅಭ್ಯರ್ಥಿಯೊಬ್ಬಳ ಹೆಸರನ್ನು ಕ್ಯಾಲಿಫೋರ್ನಿಯಾ ನಿರಾಕರಿಸಿತು. ರಾಜ್ಯಾಂಗ ಒಂದೇ, ನಡಾವಳಿ ಊರಿಗೊಂದು! ಕಾವಲುಗಾರನಿಲ್ಲದ ಬಾಗಿಲಲ್ಲಿ ಗಾಳಿಮಾತೇ ಕಾವಲಿಗೆ ನಿಲ್ಲುತ್ತದೆ. ಹವಾಯಿಯಲ್ಲಿ ಹುಟ್ಟಿದ ಬರಾಕ್ ಒಬಾಮ ಅಧ್ಯಕ್ಷಪೀಠದಲ್ಲಿ ಕುಳಿತಿದ್ದಾಗಲೇ, ೨೦೧೧ರಲ್ಲಿ, ತಮ್ಮ ಪೂರ್ಣ ಜನನಪತ್ರವನ್ನು ಲೋಕಕ್ಕೆ ತೋರಿಸಬೇಕಾಯಿತು.

ಇನ್ನೂ ದೊಡ್ಡ ಪ್ರಶ್ನೆ ಮುಂದೆ ಬಂದಿತು. ರಾಜ್ಯಾಂಗಕ್ಕೆ ನಿಷ್ಠೆಯ ಪ್ರಮಾಣ ಮಾಡಿದ ಅಧಿಕಾರಿ ಅದರ ವಿರುದ್ಧ ದಂಗೆಯೆದ್ದರೆ ಮತ್ತೆ ಅಧಿಕಾರಸ್ಥಾನಕ್ಕೆ ಬರಕೂಡದೆಂದು ೧೮೬೮ರ ೧೪ನೆಯ ತಿದ್ದುಪಡಿ ಹೇಳುತ್ತದೆ. ೨೦೨೧ರ ಜನವರಿ ೬ರ ಘಟನೆಯನ್ನು ಮುಂದಿಟ್ಟು ಕೊಲರಾಡೋದ ಶ್ರೇಷ್ಠ ನ್ಯಾಯಾಲಯ ೨೦೨೩ರ ಡಿಸೆಂಬರಿನಲ್ಲಿ, ನಾಲ್ಕಕ್ಕೆ ಮೂರರ ಬಹುಮತದಿಂದ, ಡೊನಾಲ್ಡ್ ಟ್ರಂಪ್ ಅನರ್ಹರೆಂದಿತು. ೨೦೨೪ರ ಮಾರ್ಚಿನಲ್ಲಿ ದೇಶದ ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು. ಈ ಅಧಿಕಾರ ಸಂಸ್ಥಾನಗಳಿಗಿಲ್ಲವೆಂಬುದರಲ್ಲಿ ಒಂಬತ್ತು ನ್ಯಾಯಾಧೀಶರೂ ಒಮ್ಮತ. ಅದು ಕಾಂಗ್ರೆಸ್ಸಿನ ಶಾಸನದಿಂದಲೇ ನಡೆಯಬೇಕೆಂದವರು ಐವರು. ಟ್ರಂಪ್ ದಂಗೆಯಲ್ಲಿ ತೊಡಗಿದ್ದರೇ ಎಂಬ ಮೂಲಪ್ರಶ್ನೆಗೆ ಉತ್ತರವೇ ಬರಲಿಲ್ಲ.

ಒಂದೊಂದು ಸಂಸ್ಥಾನವೂ ಒಬ್ಬೊಬ್ಬ ಅಭ್ಯರ್ಥಿಯನ್ನು ಹೊರಗಟ್ಟತೊಡಗಿದರೆ ಗತಿಯೇನು ಎಂಬ ಭಯ ನ್ಯಾಯವಾದುದೇ. ಆದರೆ ಐವತ್ತು ಕೈಯಲ್ಲಿರಬಾರದು ಎಂದರೆ ಯಾರ ಕೈಯಲ್ಲೂ ಇರಬಾರದು ಎಂದರ್ಥವೇ? "ಮತದಾರನೇ ತೀರ್ಮಾನಿಸಲಿ" ಎನ್ನುವವರಿದ್ದಾರೆ. ಕೇಳಲು ಇಂಪಾದ ಮಾತು. ಮತದಾರನ ಇಷ್ಟವೊಂದೇ ಸಾಕಿದ್ದರೆ ಅರ್ಹತೆಯ ನಿಯಮವೇಕೆ ಬೇಕಿತ್ತು? ಬಹುಮತವೂ ದಾಟಬಾರದ ಗೆರೆಯೆಂದೇ ಅದನ್ನು ಎಳೆದದ್ದು.

ನಮ್ಮ ರಾಜ್ಯಾಂಗ ಈ ವಿಷಯದಲ್ಲಿ ಹೆಚ್ಚು ವಿವೇಕಿ. ರಾಷ್ಟ್ರಪತಿಯ ಅರ್ಹತೆಯನ್ನು ೫೮ನೆಯ ವಿಧಿ ಹೇಳಿದರೆ, ಆ ಚುನಾವಣೆಯ ವ್ಯಾಜ್ಯವನ್ನು ಸುಪ್ರೀಂ ಕೋರ್ಟೇ ತೀರ್ಮಾನಿಸಬೇಕೆಂದು ೭೧ನೆಯ ವಿಧಿ ಹೇಳುತ್ತದೆ. ೨೦೧೨ರಲ್ಲಿ ಪ್ರಣವ್ ಮುಖರ್ಜಿಯವರು ಲಾಭದ ಹುದ್ದೆಯಲ್ಲಿದ್ದಾರೆಂದು ಪ್ರತಿಸ್ಪರ್ಧಿ ಪಿ. ಎ. ಸಂಗ್ಮಾ ಆಕ್ಷೇಪಿಸಿದರು. ಚುನಾವಣಾಧಿಕಾರಿ ಅದನ್ನು ತಳ್ಳಿಹಾಕಿದರು. ಅದೇ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟೂ ಮೂರಕ್ಕೆ ಎರಡರ ಬಹುಮತದಿಂದ ಅರ್ಜಿಯನ್ನು ವಜಾ ಮಾಡಿತು. ತೀರ್ಪನ್ನು ಒಪ್ಪದವರು ಇರಬಹುದು. ಆದರೆ ಎಲ್ಲಿಗೆ ಹೋಗಿ ಕೇಳಬೇಕೆಂಬ ಸಂಶಯ ಯಾರಿಗೂ ಇರಲಿಲ್ಲ. ನಮ್ಮಲ್ಲಿಯೂ ಕುಂದುಂಟು: ಕೋರ್ಟಿನ ಬಾಗಿಲು ತೆರೆಯುವುದು ಚುನಾವಣೆ ಮುಗಿದ ಮೇಲೆ.

ಅಮೆರಿಕದ ಕಾಂಗ್ರೆಸ್ಸು ಮಾಡಬೇಕಾದ ಕೆಲಸ ಒಂದೇ. ಮತದಾನಕ್ಕೆ ಮುಂಚೆಯೇ, ಇಡೀ ದೇಶಕ್ಕೆ ಒಂದಾಗಿ, ಅರ್ಹತೆಯನ್ನು ವಿಚಾರಿಸುವ ನ್ಯಾಯಪೀಠ ಯಾವುದೆಂದು ಶಾಸನದಲ್ಲಿ ಹೆಸರಿಸಲಿ. ಅದಾಗದಿದ್ದರೆ, ಆ ನಿಯಮಗಳು ದುರ್ಬಲನನ್ನು ತಡೆದಾವು. ಬಲಿಷ್ಠನಿಗೆ ದಾರಿ ಬಿಟ್ಟಾವು.