ಆಂಪ್ಲಿಫೈಯರ್‌ನ ‘ಲೈನ್ ಇನ್’ ಅಂದರೆ ಕರೆಂಟ್ ಲೈನಾ?

ಗಣೇಶನ ಪೆಂಡಾಲಿನಲ್ಲಿ ಹಾಡು ಹಾಕಲು ಮೊಬೈಲನ್ನು ಆಂಪ್ಲಿಫೈಯರ್‌ಗೆ ಜೋಡಿಸಬೇಕು. ಹಿಂಬದಿಯಲ್ಲಿ ‘ಲೈನ್ ಇನ್’ ಎಂದು ಬರೆದ ಸಾಕೆಟ್ ಇದೆ. ‘ಲೈನ್ ಅಂದ್ರೆ ಕರೆಂಟು, ಫೋನ್ ಸುಟ್ಟುಹೋಗುತ್ತೆ’ ಎಂದು ಯಾರೋ ತಡೆಯುತ್ತಾರೆ. ನಮ್ಮಲ್ಲಿ ಕಂಬದ ತಂತಿಯೂ ಲೈನೇ, ಅದನ್ನು ರಿಪೇರಿ ಮಾಡುವವರು ಲೈನ್‌ಮ್ಯಾನ್. ಹಾಗಾಗಿ ಗಾಬರಿ ಸಹಜ. ಆದರೆ ಇಲ್ಲಿ ಲೈನ್ ಎಂಬುದು ಸಿಗ್ನಲ್ ಎಷ್ಟು ಜೋರಾಗಿದೆ ಎನ್ನುವುದಕ್ಕೆ ಇಟ್ಟ ಹೆಸರು. ಟೆಲಿಫೋನ್ ತಂತಿಗಳ ಕಾಲದಿಂದ ಬಂದದ್ದು.

ಮೈಕ್‌ನಿಂದ ಹೊರಡುವ ಸಿಗ್ನಲ್ ಒಂದು ವೋಲ್ಟಿನ ಸಾವಿರದ ಕೆಲವೇ ಭಾಗಗಳಷ್ಟು. ಟಿವಿ, ಸಿಡಿ ಪ್ಲೇಯರ್‌ನಂಥ ಮನೆಯ ಸಾಧನಗಳ ‘ಲೈನ್ ಲೆವೆಲ್’ ಸುಮಾರು 0.3 ವೋಲ್ಟ್, ಸ್ಟುಡಿಯೋಗಳಲ್ಲಿ ಸುಮಾರು 1.2 ವೋಲ್ಟ್. ಮೊಬೈಲಿನ ಹೆಡ್‌ಫೋನ್ ಸಿಗ್ನಲ್ ಕೂಡ ಈ ಮಟ್ಟಕ್ಕೆ ಹತ್ತಿರ. ಒಂದು ಪೆನ್ಸಿಲ್ ಸೆಲ್ಲಿನಲ್ಲೇ 1.5 ವೋಲ್ಟ್ ಇರುತ್ತದೆ!

ಹಾಗಾಗಿ ಮೊಬೈಲಿಗೆ ‘ಲೈನ್ ಇನ್’ ಅಥವಾ ‘ಆಕ್ಸ್’ ಸರಿಯಾದ ಜಾಗ. ಮೈಕ್ ಸಾಕೆಟ್‌ಗೆ ಹಾಕಿದರೆ ಸಿಗ್ನಲ್ ಅತಿಯಾಗಿ ಹಿಗ್ಗಿ ಹಾಡು ಒಡೆದು ಕರಕರ ಎನ್ನುತ್ತದೆ. ಕೆಲವು ಮಿಕ್ಸರ್‌ಗಳ ಮೈಕ್ ಸಾಕೆಟ್‌ನಲ್ಲಿ 48 ವೋಲ್ಟಿನ ಫ್ಯಾಂಟಮ್ ಪವರ್ ಬೇರೆ ಇರುತ್ತದೆ, ಫೋನಿಗೆ ಅದು ಒಳ್ಳೆಯದಲ್ಲ.

ನಿಜವಾಗಿ ಹೆದರಬೇಕಾದ ‘ಲೈನ್’ ಅದೇ ಆಂಪ್ಲಿಫೈಯರ್‌ನ ಹಿಂದೆ ಇನ್ನೊಂದು ಕಡೆ ಇರಬಹುದು. ‘100 ವಿ ಲೈನ್’ ಎಂದು ಬರೆದಿರುತ್ತದೆ. ದೂರದ ಹಾರ್ನ್‌ಗಳಿಗೆ ತೆಳು ತಂತಿಯಲ್ಲಿ ಹೆಚ್ಚು ನಷ್ಟವಿಲ್ಲದೆ ಶಕ್ತಿ ಸಾಗಿಸಲು ವೋಲ್ಟೇಜನ್ನು ಏರಿಸಿರುತ್ತಾರೆ. ಪೂರ್ತಿ ಜೋರಿನಲ್ಲಿ ಅಲ್ಲಿ 100 ವೋಲ್ಟ್ ಇರುತ್ತದೆ. ಹಾಡು ಬರುತ್ತಿರುವಾಗ ಆ ತಂತಿಯ ಬರಿಯ ಜಾಯಿಂಟ್ ಮುಟ್ಟಿದರೆ ಶಾಕ್ ಹೊಡೆಯಬಹುದು.

ಹಾಗಾದರೆ ಮೈಕ್ ಹಿಡಿದವರಿಗೆ ಶಾಕ್ ಹೊಡೆಯುವುದು ಹೇಗೆ? ಮೈಕ್‌ನ ಸಿಗ್ನಲ್‌ನಿಂದ ಅಲ್ಲ. ಮೈಕ್‌ನ ಲೋಹದ ಮೈ ಸಾಮಾನ್ಯವಾಗಿ ಕೇಬಲ್ಲಿನ ಹೊರಜಾಲರಿಯ ಮೂಲಕ ಆಂಪ್ಲಿಫೈಯರ್‌ನ ಪೆಟ್ಟಿಗೆಗೆ ಸೇರಿರುತ್ತದೆ. ಪೆಟ್ಟಿಗೆಯೊಳಗೆ 230 ವೋಲ್ಟಿನ ತಂತಿ ಸೋರಿ, ಅರ್ಥಿಂಗ್ ಇಲ್ಲದಿದ್ದರೆ ಆ ಕರೆಂಟು ಮೈಕ್ ತನಕ ಬರುತ್ತದೆ. ಮೂರು ಪಿನ್ನಿನ ಪ್ಲಗ್ ಕಿತ್ತು, ಎರಡೇ ತಂತಿಗಳನ್ನು ಸಾಕೆಟ್‌ಗೆ ಸಿಕ್ಕಿಸುವುದನ್ನು ನಾವೆಲ್ಲ ನೋಡಿದ್ದೇವೆ. ಮಳೆಗೆ ನೆಲ ಒದ್ದೆಯಾಗಿದ್ದರೆ ಜೀವಕ್ಕೇ ಅಪಾಯ.

ಮೈಕ್ ‘ಜುಮ್’ ಎಂದರೆ ಕರವಸ್ತ್ರ ಸುತ್ತಿ ಭಾಷಣ ಮುಂದುವರಿಸಬೇಡಿ. ಮೇನ್ಸ್ ಆಫ್ ಮಾಡಿಸಿ, ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್ ನೋಡಿದ ಮೇಲಷ್ಟೇ ಮತ್ತೆ ಹಿಡಿಯಿರಿ.